ಮಾವನಿಗೆ ಹಾಸನದಲ್ಲಿ ನಿದ್ದೆ ಬರಲಿಲ್ಲ

ನನ್ನ ಸೋದರಮಾವನಿಗೆ ಹಾಸನದ ಯಾವ ಮನೆಯಲ್ಲೂ ನಿದ್ದೆ ಬರಲಿಲ್ಲ. ಈ ಮಾತನ್ನು ಅವರನ್ನು ಬಲ್ಲವರ ಎದುರು ಹೇಳಿ ನೋಡಿ, ನಗುತ್ತಾರೆ. ಒಬ್ಬಿಬ್ಬರು ನಿಮ್ಮ ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡಿದರೂ ನೋಡಿಯಾರು. ಯಾಕೆಂದರೆ ನಿದ್ದೆ ಎಂಬುದು ನಮ್ಮ ಮಾವನಿಗೆ ಎಲ್ಲಿಂದಲೋ ಬರಬೇಕಾದ ಸಂಗತಿಯೇ ಅಲ್ಲ. ಹೆಗಲ ಮೇಲಿನ ಟವೆಲ್ಲಿನ ಹಾಗೆ ಅದು ಸದಾ ಅವರ ಜೊತೆಗೇ ಇರುತ್ತದೆ. ಬೇಕಾದಾಗ ಹಾಸಿಕೊಳ್ಳುವುದು, ಸಾಕಾದಾಗ ಕೊಡವಿ ಹೆಗಲಿಗೆ ಹಾಕಿಕೊಳ್ಳುವುದು, ಅಷ್ಟೇ.

ಅವರದು ಚನ್ನರಾಯಪಟ್ಟಣ ತಾಲ್ಲೂಕು, ನುಗ್ಗೇಹಳ್ಳಿಯ ಹತ್ತಿರದ ಊರು. ಒಂದು ಹಳೆಯ ಟೆಂಪೋ ಇಟ್ಟುಕೊಂಡಿದ್ದಾರೆ. ತೆಂಗಿನಕಾಯಿ ಸಾಗಿಸುವುದು ಮುಖ್ಯ ಕಸುಬು. ಕಾಯಿ ಇಲ್ಲದ ದಿನಗಳಲ್ಲಿ ಶಾಮಿಯಾನ, ಕುರ್ಚಿ, ಮನೆ ಬದಲಾಯಿಸುವವರ ಬೀರು ಮಂಚ, ಹೀಗೆ ಯಾರು ಏನು ಹೇರಿದರೂ ಸರಿ. ಹೇರುವವರು ಹೇರುತ್ತಿರುವಾಗ ಮಾವ ಅಲ್ಲೇ ಮೂಟೆಗಳ ಮೇಲೆ ಒಂದು ನಿದ್ದೆ ತೆಗೆಯುತ್ತಾರೆ. ಒಂದು ಸಲ ಹಮಾಲಿಯವನು ನೋಡಿಕೊಳ್ಳದೆ ಅವರ ಮೇಲೂ ಒಂದು ಮೂಟೆ ಇಟ್ಟುಬಿಟ್ಟನಂತೆ. ಮಾವ ಕಂಬಳಿ ಹೊದಿಸಿದರೆಂದುಕೊಂಡು ಮಗ್ಗುಲು ಬದಲಿಸಿದರಂತೆ. ಇದನ್ನು ನಾನು ನಂಬುವುದಿಲ್ಲ. ಆದರೆ ನಂಬದೇ ಇರುವುದಕ್ಕೂ ನನ್ನ ಹತ್ತಿರ ಕಾರಣವಿಲ್ಲ.

ನಮ್ಮೂರು ಅರಕಲಗೂಡು ತಾಲ್ಲೂಕಿನಲ್ಲಿ, ರುದ್ರಪಟ್ಟಣದ ಪಕ್ಕ. ರುದ್ರಪಟ್ಟಣದಲ್ಲಿ ವರ್ಷಕ್ಕೊಮ್ಮೆ ಸಂಗೀತೋತ್ಸವ ನಡೆಯುತ್ತದೆ. ಒಂದು ವರ್ಷ ಕುರ್ಚಿ ಇಳಿಸಲು ಬಂದ ಮಾವ, ತಾವೇ ಇಳಿಸಿದ ಕುರ್ಚಿಗಳಲ್ಲಿ ಮುಂದಿನ ಸಾಲಿನದೊಂದನ್ನು ಆರಿಸಿಕೊಂಡು ಕೂತು ನಿದ್ದೆ ಹೋದರು. ನಿದ್ದೆಯಲ್ಲಿ ಅವರ ತಲೆ ತೂಗುತ್ತದೆ. ಅದೃಷ್ಟವೋ ಏನೋ, ಆವತ್ತು ಅದು ಸರಿಯಾಗಿ ತಾಳಕ್ಕೆ ತೂಗಿತು. ಕಚೇರಿ ಮುಗಿದ ಮೇಲೆ ಹಾಡಿದವರು ವೇದಿಕೆ ಇಳಿದು ಬಂದು, "ನಿಮ್ಮಂಥ ರಸಿಕರು ಎದುರಿಗಿದ್ದರೆ ಹಾಡೋಕೆ ಒಂದು ಹುಮ್ಮಸ್ಸು" ಎಂದು ಕೈಗೆ ಒಂದು ಸೇಬು ಕೊಟ್ಟರು. ಮಾವ ಆಗಷ್ಟೇ ಎದ್ದಿದ್ದರು. ಸೇಬು ತಿಂದರು.

ಮೊಸಳೆ ಎಂಬ ಊರಿನಲ್ಲಿ ಒಂದೇ ರೂಪದ ಎರಡು ಗುಡಿಗಳು ಅಕ್ಕಪಕ್ಕ ಇವೆಯಲ್ಲ, ಅಲ್ಲಿಗೆ ನಮ್ಮನ್ನೆಲ್ಲ ಟೆಂಪೋದಲ್ಲಿ ಕರೆದುಕೊಂಡು ಹೋಗಿದ್ದರು. ನಾವು ಶಿಲ್ಪ ನೋಡಿ ಬರುವಷ್ಟರಲ್ಲಿ ಒಂದು ಗುಡಿಯ ಕಟ್ಟೆಯ ಮೇಲೆ ಮಲಗಿದ್ದರು. ಎಬ್ಬಿಸಿದೆವು. ಬುತ್ತಿ ಬಿಚ್ಚುವಷ್ಟರಲ್ಲಿ ಇನ್ನೊಂದು ಗುಡಿಯ ಕಟ್ಟೆಯ ಮೇಲೆ ಮಲಗಿದ್ದರು. ಕೇಳಿದರೆ, "ಒಂದ್ರಲ್ಲಿ ಮಲಗಿ ಇನ್ನೊಂದ್ರಲ್ಲಿ ಮಲಗ್ದಿದ್ರೆ ತಪ್ ತಿಳ್ಕಳಲ್ವಾ?" ಅಂದರು. ಇಂಥ ಮನುಷ್ಯನಿಗೆ ನಿದ್ದೆ ಬರಲಿಲ್ಲ ಎಂದರೆ ಹೇಗಾಗಬೇಡ?

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನನಗೆ ಹಾಸನದಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರಕ್ಕೆ ಸೀಟು ಸಿಕ್ಕಿತು. ನಮ್ಮ ಮನೆತನದಲ್ಲಿ ಅಷ್ಟು ದೂರ ಓದಲು ಹೊರಟವಳು ನಾನೇ ಮೊದಲು. ಕೊನೆಯ ಸುತ್ತಿನಲ್ಲಿ ಸಿಕ್ಕ ಸೀಟಾದ್ದರಿಂದ ಅಷ್ಟು ಹೊತ್ತಿಗೆ ಸರ್ಕಾರಿ ಹಾಸ್ಟೆಲ್ಲು ಭರ್ತಿಯಾಗಿತ್ತು. ಯಾರಾದರೂ ಬಿಟ್ಟರೆ ಫೋನು ಮಾಡುತ್ತೇವೆ ಎಂದರು. ಹಾಸ್ಟೆಲ್ ಸೀಟನ್ನು ಯಾರಾದರೂ ಬಿಡುತ್ತಾರಾ? ದಿನಾ ಓಡಾಡೋಣವೆಂದರೆ ನಮ್ಮೂರಿಂದ ಎರಡು ಬಸ್ಸು ಹತ್ತಿಳಿಯಬೇಕು. ಲ್ಯಾಬು ಮುಗಿಯುವುದು ಸಂಜೆಗೆ, ನಮ್ಮೂರಿನ ಕೊನೆಯ ಬಸ್ಸು ಅಷ್ಟು ಹೊತ್ತಿಗೆ ಊರು ಸೇರಿ ಮಲಗಿರುತ್ತದೆ.

ಅಪ್ಪ ಹೊಳೆನರಸೀಪುರದಲ್ಲಿ ಒಂದು ಆಫೀಸಿನಲ್ಲಿ ಗುಮಾಸ್ತರು. ಮಾತು ಕಡಿಮೆ. "ಕ್ಲಾಸು ಶುರುವಾಗೋದ್ರೊಳಗೆ ಇರೋಕೆ ಒಳ್ಳೆ ಜಾಗ ಸಿಕ್ಕಿದ್ರೆ ಓದು. ಇಲ್ದಿದ್ರೆ ಮುಂದಿನ ವರ್ಷ ನೋಡೋಣ" ಎಂದರು. ನಮ್ಮ ಮನೆಯ ಭಾಷೆಯಲ್ಲಿ ಮುಂದಿನ ವರ್ಷ ಎಂದರೆ ಎಂದಿಗೂ ಇಲ್ಲ ಎಂದು ಅರ್ಥ. ಮನೆಗೆ ಫ್ರಿಜ್ಜು ತರುವುದೂ ಮುಂದಿನ ವರ್ಷವೇ ಇತ್ತು, ನಾನು ಹುಟ್ಟಿದಾಗಿನಿಂದ. ಅಪ್ಪನಿಗೆ ರಜೆ ಸಿಗುವುದಿಲ್ಲ, ಅಮ್ಮನಿಗೆ ಹಾಸನ ಗೊತ್ತಿಲ್ಲ. ಹೀಗಾಗಿ ನನ್ನ ಎಂ.ಎಸ್ಸಿ.ಯ ಹಣೆಬರಹ ಮಾವನ ಕೈಗೆ ಬಂತು. ಕೈಗೆ ಅನ್ನುವುದಕ್ಕಿಂತ ಅವರ ರೆಪ್ಪೆಗೆ ಬಂತು ಅನ್ನುವುದೇ ಸರಿ.

ಯಾಕೆಂದರೆ ಮನೆ ನೋಡುವುದರಲ್ಲಿ ಮಾವನದೊಂದು ಪದ್ಧತಿ. ಮಧ್ಯಾಹ್ನ ಆ ಮನೆಯಲ್ಲಿ ಒಂದು ನಿದ್ದೆ ಮಾಡಿ ನೋಡದೆ ಅವರು ಯಾವ ಮನೆಯನ್ನೂ ಒಪ್ಪುವುದಿಲ್ಲ. ನಮ್ಮಕ್ಕನಿಗೆ ಗಂಡು ನೋಡಲು ಹೋದಾಗಲೂ ಇದೇ. ಎಲ್ಲರೂ ಗಂಡಿನ ಸಂಬಳ, ಗುಣ, ಹೊಲ ಎಂದು ವಿಚಾರಿಸುತ್ತಿದ್ದರೆ ಇವರು ಜಗುಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದರು. ಎದ್ದವರೇ, "ಕೊಡಬೌದು ಕಣ್ರೋ, ತಣ್ಣನೆ ಮನೆ" ಎಂದರು. ಅಕ್ಕ ಅಲ್ಲಿ ಸುಖವಾಗಿದ್ದಾಳೆ, ಅದಕ್ಕೆ ನಾನೇನು ಮಾಡಲಿ?

"ಇದೆಂಥ ಪದ್ಧತಿ ಮಾವ?" ಎಂದು ನಾನು ಕೇಳಿದ್ದೆ.

"ಕಣ್ ಬುಟ್ಕಂಡು ನೋಡಿದ್ರೆ ಸುಣ್ಣಬಣ್ಣ ಕಾಣ್ತದೆ ಕಣವ್ವ. ಮನೆ ಕಾಣಕಿಲ್ಲ. ಕಣ್ ಮುಚ್ಕಂಡು ನೋಡ್ಬೇಕು. ಆ ಮನೆಯೋರು ಎಂಗ್ ಮಾತಾಡ್ತಾರೆ, ಎಂಗ್ ಬಾಗ್ಲಾಕ್ತಾರೆ, ಪಾತ್ರೆ ಎಂಗ್ ಮಡಗ್ತಾರೆ, ಎಲ್ಲ ಕೇಳ್ತದೆ. ನಿದ್ದೆ ಬಂತಾ, ಮನೆ ಸರಿಯಾಗದೆ. ಬರ್ಲಿಲ್ವಾ, ಎದ್ದು ಓಯ್ತಾ ಇರು."

"ಮಧ್ಯಾಹ್ನ ನಿದ್ದೆ ಬರೋ ಮನೇಲಿ ನಾನು ಓದೋದು ಯಾವಾಗ?"

"ಅದು ನಿನ್ ತಾಪತ್ರಯ" ಎಂದರು ಮಾವ.

ಮೊದಲು ನೋಡಿದ್ದು ಹೆಣ್ಣುಮಕ್ಕಳ ಪಿ.ಜಿ. ಒಂದು ದೊಡ್ಡ ಹಾಲನ್ನು ಹಲಗೆಗಳಿಂದ ಸೀಳಿ ಗೂಡು ಗೂಡು ಮಾಡಿದ್ದರು. ಒಂದರ ಮೇಲೊಂದು ಮಂಚ. ಅಲ್ಲಿ ಒಬ್ಬಳು ಸೀನಿದರೆ ಸಾಲಿನ ತುದಿಯವಳು ಮೂಗು ಒರೆಸಿಕೊಳ್ಳಬೇಕು. ನಡೆಸುವ ಆಂಟಿಯ ಹತ್ತಿರ ಮಾವ ಬಹಳ ಗೌರವದಿಂದ, "ಒಂದು ಅರ್ಧ ಗಂಟೆ ನಾನಿಲ್ಲಿ ಮಲಗಬೌದಾ ಮೇಡಂ?" ಎಂದು ಕೇಳಿದರು. ಹೆಣ್ಣುಮಕ್ಕಳ ಪಿ.ಜಿ.ಯಲ್ಲಿ! ಆಂಟಿ ಅಡುಗೆಯವನನ್ನು ಕೂಗಿದರು. ಅವನು ಸೌಟು ಹಿಡಿದೇ ಬಂದ. ನಾನು ಮಧ್ಯೆ ಬಿದ್ದು ವಿವರಿಸಿ, ಕೊನೆಗೆ ಗೇಟಿನ ಹತ್ತಿರದ ವಾಚ್‌ಮನ್ ಬೆಂಚಿನ ಮೇಲೆ ಮಲಗಲು ಅಪ್ಪಣೆಯಾಯಿತು. ಮಾವ ಮಲಗಿ, ಎದ್ದು, "ನಿದ್ದೆ ಚೆನ್ನಾಗೇ ಬಂತು. ಆದ್ರೆ ಇದು ಬೆಂಚಿನ ಲೆಕ್ಕ, ಮನೇದಲ್ಲ" ಎಂದರು. ಅದು ಹೇಗೂ ಆಗುತ್ತಿರಲಿಲ್ಲ. ಸಂಜೆ ಆರಕ್ಕೆ ಗೇಟು ಹಾಕುತ್ತಾರಂತೆ, ನನ್ನ ಲ್ಯಾಬು ಮುಗಿಯುವುದೇ ಆರಕ್ಕೆ.

ಆಮೇಲೆ ಒಂದು ಬಡಾವಣೆಯಲ್ಲಿ ಮಹಡಿಯ ರೂಮು ಸಿಕ್ಕಿತು. ಆಹಾ, ಎಂಥ ರೂಮು! ಎರಡು ಕಿಟಕಿ, ಬೆಳಕು, ಗಾಳಿ, ಓದಲು ಗೋಡೆಗೇ ಕೂರಿಸಿದ ಹಲಗೆ, ಹೊರಗೆ ಬಟ್ಟೆ ಒಣಗಲು ತಂತಿ. ಕೆಳಗೆ ಮನೆಯ ಯಜಮಾನರು, ಅವರ ಹೆಂಡತಿ, ವಯಸ್ಸಾದ ತಾಯಿ. ಕಾಲೇಜಿಗೆ ನಡೆದೇ ಹೋಗಬಹುದು. ನಾನು ಮನಸ್ಸಿನಲ್ಲೇ ಆ ಹಲಗೆಯ ಮೇಲೆ ಪುಸ್ತಕ ಜೋಡಿಸಿ ಮುಗಿಸಿದ್ದೆ. ಮಾವ ಪದ್ಧತಿಯಂತೆ ಮಲಗಲು ಕೇಳಿದರು. ಯಜಮಾನರು ನಕ್ಕು ಚಾಪೆ ಕೊಟ್ಟರು. ಮಾವ ನನ್ನ ಕಡೆ ತಿರುಗಿ, "ಓಗವ್ವ, ಎಲೆಅಡ್ಕೆ ತಕ್ಕಂಬಾ" ಎಂದರು. ನಾನಿದ್ದರೆ ಗೊರಕೆ ಹೊಡೆಯಲು ಸಂಕೋಚ ಇರಬೇಕು ಎಂದುಕೊಂಡು ಹೊರಟೆ.

ಬೀದಿಯ ಕೊನೆಯ ಅಂಗಡಿಯಲ್ಲಿ ಎಲೆಅಡಿಕೆ ಕೊಂಡು, ಸೆಖೆಗೆ ಒಂದು ತಣ್ಣನೆಯ ನಿಂಬೆ ಸೋಡಾ ಕೇಳಿದರೆ, ಅಂಗಡಿಯವನು "ಬೆಳಗ್ಗಿಂದ ಕರೆಂಟಿಲ್ಲ ಕಣಮ್ಮ, ಫ್ರಿಜ್ಜೆಲ್ಲ ಬಿಸಿಯಾಗಿದೆ" ಎಂದ. ಬಿಸಿ ಸೋಡಾ ಕುಡಿದು, ಅಲ್ಲಿಯ ಬೆಂಚಿನ ಮೇಲೆ ಸುಧಾರಿಸಿಕೊಂಡು, ಮಾವನಿಗೆ ಒಂದು ನಿದ್ದೆಗಾಗುವಷ್ಟು ಹೊತ್ತು ಬಿಟ್ಟು ಬಂದೆ. ಮಾವ ಚಪ್ಪಲಿ ಮೆಟ್ಟಿ ಗೇಟಿನ ಹೊರಗೆ ನಿಂತಿದ್ದರು.

"ಬ್ಯಾಡ ಕಣವ್ವ ಇದು. ನಿದ್ದೆ ಬರ್ಲಿಲ್ಲ. ಫ್ಯಾನು ಕಟಕಟ ಅಂತದೆ."

"ಮಾವ, ಬೆಳಗ್ಗಿಂದ ಕರೆಂಟೇ ಇಲ್ಲ."

ಮಾವ ನನ್ನ ಕೈಯಿಂದ ಎಲೆಅಡಿಕೆ ಇಸಿದುಕೊಂಡರು. ಆಮೇಲೆ ಸಮಾಧಾನವಾಗಿ ಎಲೆಗೆ ಸುಣ್ಣ ಸವರುತ್ತಾ ಹೇಳಿದರು: "ಅದನ್ನೇ ನಾನೂ ಯೋಳ್ತಿರದು. ಕರೆಂಟಿಲ್ದಾಗ್ಲೇ ಇಂಗೆ ಸದ್ದು ಮಾಡ್ತದೆ, ಇನ್ ಕರೆಂಟ್ ಬಂದ್ರೆ ನಿನ್ ಗತಿ?"

ಇಂಥ ತರ್ಕದ ಮುಂದೆ ಯಾರು ತಾನೆ ಏನು ಹೇಳುವುದು? ಟೆಂಪೋ ಹತ್ತಿದೆ.

ಮುಂದಿನದು ಒಂದು ಔಟ್‌ಹೌಸು. ದೊಡ್ಡ ಮನೆಯ ಹಿತ್ತಲಲ್ಲಿ ಚಿಕ್ಕ ಹೆಂಚಿನ ಮನೆ, ಪಕ್ಕದಲ್ಲೇ ಕೊಟ್ಟಿಗೆ, ಅದರಲ್ಲಿ ಒಂದು ಸಾಧು ಹಸು. ಈ ಸಲವೂ ನನ್ನನ್ನು ಎಲೆಅಡಿಕೆಗೆ ಅಟ್ಟಿದರು. ಎಲೆಅಡಿಕೆ ಜೇಬಿನಲ್ಲೇ ಇತ್ತಲ್ಲ ಎಂದರೆ, "ಅದು ಒಣಗೋಗದೆ" ಎಂದರು. ವಾಪಸು ಬಂದರೆ ಅದೇ ಗೇಟು, ಅದೇ ಚಪ್ಪಲಿ.

"ಇದೂ ಬ್ಯಾಡ. ಆ ಅಸ ನನ್ನೇ ನೋಡ್ತಿತ್ತು ಕಣವ್ವ. ನಿದ್ದೆ ಎಲ್ಲಿಂದ ಬತ್ತದೆ?"

"ನಿಮ್ಮನೇಲೂ ಹಸು ಇದೆಯಲ್ಲ ಮಾವ. ಅದು ನೋಡಲ್ವಾ?"

"ನಮ್ಮಸ ನಮ್ಮನ್ನ ನೋಡದು ಬ್ಯಾರೆ. ಊರೋರ ಅಸ ನೋಡದು ಬ್ಯಾರೆ" ಎಂದು ಗಾಡಿ ಸ್ಟಾರ್ಟ್ ಮಾಡಿದರು.

ಮತ್ತೊಂದು ಕಡೆ ಬೋರ್‌ವೆಲ್ ನೀರು ಬಹಳ ಸಿಹಿ, ಕುಡಿದರೆ ಸಕ್ಕರೆ ಕಾಯಿಲೆ ಬರುತ್ತದೆ ಎಂದರು. ಇನ್ನೊಂದು ಮನೆಯ ಮೆಟ್ಟಿಲು ಹತ್ತಲು ಸುಲಭವಾಗಿದ್ದು, ಇಳಿಯಲು ಕಷ್ಟವಂತೆ. ಮೆಟ್ಟಿಲು ಅವೇ ಅಲ್ಲವಾ ಮಾವ, ಎಂದು ಕೇಳಿದೆ. ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒಂದು ಮನೆಯಲ್ಲಂತೂ ಚಾಪೆ ಹಾಸುವವರೆಗೂ ಹೋಗಲಿಲ್ಲ. ನಾನು ಅಂಗಡಿಯ ಮೆಟ್ಟಿಲು ತುಳಿಯುವ ಮೊದಲೇ ಹಿಂದಿನಿಂದ ಹಾರನ್ ಕೇಳಿತು. ತಿರುಗಿ ನೋಡಿದರೆ ಮಾವ ಟೆಂಪೋ ಸಮೇತ ಹಾಜರು. "ಅಲ್ಲಿ ನಿಂತ್ಕಂಡೇ ಗೊತ್ತಾಗೋಯ್ತು, ಬರಕಿಲ್ಲ ನಿದ್ದೆ" ಎಂದರು.

ಆವತ್ತು ಹಾಸನದಿಂದಲೇ ಅಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅಮ್ಮ ಗಾಬರಿಯಾದಳು. ನನ್ನ ಓದಿನ ಬಗ್ಗೆ ಅಲ್ಲ. "ಅವನಿಗೆ ನಿದ್ದೆ ಬತ್ತಿಲ್ವಾ? ದೊಡ್ಡಾಸ್ಪತ್ರೆ ಅಲ್ಲೇ ಅದಲ್ಲವ್ವ, ಒಂದ್ಸಲ ಕರ್ಕಂಡೋಗಿ ತೋರ್ಸ್‌ಬುಡು" ಎಂದಳು.

ನನಗಾಗಲೇ ತಾಳ್ಮೆ ಮುಗಿಯುತ್ತಿತ್ತು. ಬರುವ ಸೋಮವಾರ ಕ್ಲಾಸು ಶುರು. ನನ್ನ ಜೊತೆ ಸೀಟು ಸಿಕ್ಕವರೆಲ್ಲ ಎಲ್ಲೆಲ್ಲೋ ಸೇರಿಕೊಂಡು, ಗ್ರೂಪಿನಲ್ಲಿ ತಂತಮ್ಮ ರೂಮಿನ ಫೋಟೋ ಹಾಕುತ್ತಿದ್ದರು. ಅವರ ಮಾವಂದಿರು ಮಲಗಿ ನೋಡಿದ್ದರಾ? ಇಲ್ಲಿ ನೋಡಿದರೆ ಮೈಕಿನ ಮುಂದೆ ಮಲಗುವ ಮನುಷ್ಯ, ಹಸು ನೋಡಿತು ಎಂದು ಮನೆ ಬಿಡುತ್ತಾನೆ! ಮಾವನೂ ಆಗೀಗ ಸಪ್ಪಗಿರುತ್ತಿದ್ದರು. ಹಾಸನದಿಂದ ವಾಪಸು ಬರುವಾಗ ದಾರಿಯುದ್ದಕ್ಕೂ ಮಾತಾಡುತ್ತಿದ್ದವರು ಈಗ ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿದರೂ ಇಳಿಯುತ್ತಿರಲಿಲ್ಲ. ವಯಸ್ಸಾಯಿತು, ಸುತ್ತಾಟ ಸಾಕಾಗಿರಬೇಕು ಎಂದುಕೊಂಡೆ.

ಶನಿವಾರ ಬೆಳಗ್ಗೆ ಹಾಸನಕ್ಕೆ ಬಂದಾಗ ಮಾವನಿಗೆ ಮಾರ್ಕೆಟ್ಟಿನಲ್ಲಿ ಕಾಯಿ ಇಳಿಸುವುದಿತ್ತು. "ಬಸ್‌ಸ್ಟ್ಯಾಂಡ್ ತಾವೇ ಕೂತಿರವ್ವ, ಇಳ್ಸಿ ಬತ್ತೀನಿ. ಇವತ್ತು ಎಂಗಾದ್ರೂ ಒಂದ್ ಮನೆ ಮಾಡೇ ಬುಡನ" ಎಂದು ಹೋದರು. ನಾನು ಸ್ವಲ್ಪ ಹೊತ್ತು ಕೂತೆ. ಆಮೇಲೆ ಎದ್ದೆ. ಆ ಎರಡು ಕಿಟಕಿಯ ರೂಮು ನನ್ನ ಕಣ್ಣಿಂದ ಹೋಗಿರಲಿಲ್ಲ. ಇರುವವಳು ನಾನು, ಮಲಗುವವಳು ನಾನು, ಫ್ಯಾನು ಕಟಕಟ ಅಂದರೆ ಕೇಳಿಸಿಕೊಳ್ಳುವವಳೂ ನಾನು. ಮಾವನ ನಿದ್ದೆಗೆ ಕಾದರೆ ನನ್ನ ಓದು ಮಲಗಿಬಿಡುತ್ತದೆ ಎಂದುಕೊಂಡು ನೇರ ಅಲ್ಲಿಗೇ ನಡೆದೆ.

ಯಜಮಾನರ ಹೆಂಡತಿ ಬಾಗಿಲು ತೆಗೆದರು. ನನ್ನ ಗುರುತು ಸಿಕ್ಕಿತು ಅವರಿಗೆ. ಆದರೆ ಬಾಗಿಲು ಹಿಡಿದುಕೊಂಡೇ ನಿಂತರು.

"ರೂಮು ಇನ್ನೂ ಖಾಲಿ ಇದೆಯಾ ಮೇಡಂ? ಫ್ಯಾನು ಸದ್ದು ಮಾಡಿದ್ರೂ ಪರವಾಗಿಲ್ಲ. ನಾನು ಅಡ್ಜಸ್ಟ್ ಮಾಡ್ಕೋತೀನಿ."

"ಯಾವ ಫ್ಯಾನಮ್ಮ? ಅದು ಹೋದ ತಿಂಗಳು ತಾನೇ ಹಾಕ್ಸಿದ್ದು."

"ಮತ್ತೆ ನಮ್ಮ ಮಾವನಿಗೆ ಆವತ್ತು ನಿದ್ದೆನೇ ಬರಲಿಲ್ವಂತೆ."

ಆಕೆ ನನ್ನನ್ನು ನೋಡಿದರು. ಒಳಗೊಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದರು.

"ನಿದ್ದೆ ಬರದೆ ಏನು, ಎಷ್ಟು ಚೆನ್ನಾಗಿ ಮಲಗಿದ್ರು ಅಂತೀಯ. ಗೊರಕೆ ಕೆಳಗಿನ ತನಕ ಕೇಳ್ತಿತ್ತು, ನಮ್ಮತ್ತೆ ನಗ್ತಿದ್ರು. ಇಳಿದು ಬಂದವರೇ, ಇದೇ ಮನೆ ಆಯ್ತು, ನಮ್ಮ ಹುಡುಗಿಗೆ ಹೇಳಿ ಮಾಡಿಸಿದ ಹಂಗಿದೆ ಅಂದ್ರು. ಆಮೇಲೆ ನಮ್ಮನೆಯವ್ರು ಕೇಳಿದ್ರು, ನೀವು ಯಾವ ಜನ ಅಂತ. ಅವರು ಮುಚ್ಚುಮರೆ ಮಾಡಲಿಲ್ಲ, ಹೇಳಿದ್ರು."

ನಾನು ಮಹಡಿಯ ಮೆಟ್ಟಿಲ ಕಡೆ ನೋಡಿದೆ. ಆಕೆಯೇ ಮುಂದುವರಿಸಿದರು.

"ನಂದೇನಿಲ್ಲಮ್ಮ. ಮನೇಲಿ ಅತ್ತೆ ಇದ್ದಾರೆ, ದೇವರ ಮನೆ ಮೇಲ್ಗಡೆನೇ ಆ ರೂಮು ಬರುತ್ತೆ. ಕೊಡೋಕಾಗಲ್ಲ ಅಂತ ಆವತ್ತೇ ಹೇಳಿದ್ವಿ. ನಿಮ್ಮ ಮಾವ ಜಗಳ ಮಾಡಲಿಲ್ಲ. ಮೇಲೆ ಹೋಗಿ ಚಾಪೆ ಸುತ್ತಿಟ್ಟು ಬಂದು, 'ಹುಡುಗಿ ಬಂದ್ರೆ ಏನೂ ಹೇಳ್ಬೇಡಿ, ನಾನೇ ಏನಾದ್ರೂ ಹೇಳ್ಕೋತೀನಿ' ಅಂತ ಕೈ ಮುಗಿದ್ರು. ನಿನಗೆ ಹೇಳಿಲ್ವಾ ಅವರು?"

ಹೇಳಿದ್ದರು. ಫ್ಯಾನಿನ ಕಥೆ ಹೇಳಿದ್ದರು, ಹಸುವಿನ ಕಥೆ ಹೇಳಿದ್ದರು, ಸಿಹಿ ನೀರಿನ ಕಥೆ ಹೇಳಿದ್ದರು. ನಾನು ಹೊರಟು ರಸ್ತೆಗೆ ಬಂದೆ. ಮೊದಲು ಸಿಟ್ಟು ಬಂತು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ, ಊರಿನಲ್ಲಿ ನಮ್ಮ ಬೀದಿ ಯಾವುದು ಎಂದು ಎಲ್ಲರಿಗೂ ಗೊತ್ತಿದೆ, ಇಂಥ ಪ್ರಶ್ನೆ ನನಗೇನೂ ಹೊಸದಲ್ಲ. ಆದರೂ ಪುಸ್ತಕ ಜೋಡಿಸಿ ಮುಗಿಸಿದ್ದ ಆ ಹಲಗೆ ನೆನಪಾಯಿತು. ಆಮೇಲೆ ಮಾವ ನೆನಪಾದರು. ಮಲಗಲು ಬಿಟ್ಟ ಮನೆಗಳಲ್ಲೆಲ್ಲ ಸುಖವಾಗಿ ನಿದ್ದೆ ಮಾಡಿ, ಇದೇ ಮನೆ ಆಯ್ತು ಅಂದು, ಆ ಮಾತು ಕೇಳಿಸಿಕೊಂಡು, ಮೆಟ್ಟಿಲು ಇಳಿಯುತ್ತಾ ನನಗೆ ಹೇಳಲು ಒಂದು ನೆಪ ಹುಡುಕಿಕೊಂಡಿದ್ದಾರೆ. ಹತ್ತಲು ಸುಲಭ, ಇಳಿಯಲು ಕಷ್ಟ ಎಂದಿದ್ದರಲ್ಲ, ಅದೊಂದು ಮಾತ್ರ ನೆಪವಾಗಿರಲಿಲ್ಲ. ಬೇಡ ಅಂದದ್ದು ಮನೆಯವರಲ್ಲ, ನಮ್ಮ ತಿಕ್ಕಲು ಮಾವ ಎಂದು ನಾನು ನಂಬಬೇಕಿತ್ತು. ನಂಬಿದ್ದೆ ಕೂಡ. ರಸ್ತೆಯ ಬದಿಯಲ್ಲೇ ನಿಂತು ಅತ್ತುಬಿಟ್ಟೆ.

ಬಸ್‌ಸ್ಟ್ಯಾಂಡಿಗೆ ಬಂದಾಗ ಟೆಂಪೋ ಕಾಯುತ್ತಿತ್ತು. ಮಾವ ನಿದ್ದೆ ಮಾಡುತ್ತಿರಲಿಲ್ಲ. ನಾನು ಕಾಣದೆ ಕಂಗಾಲಾಗಿದ್ದರು.

"ಎಲ್ಲೋಗಿದ್ದವ್ವ?"

"ಆ ಫ್ಯಾನಿನ ಮನೆಗೆ."

ಮಾವನ ಕೈ ಸ್ಟಿಯರಿಂಗಿನ ಮೇಲೆ ಹಾಗೇ ನಿಂತಿತು. ನನ್ನ ಮುಖ ನೋಡಲಿಲ್ಲ. ನಾನು ಪಕ್ಕಕ್ಕೆ ಹತ್ತಿ ಕೂತು ಬಾಗಿಲು ಹಾಕಿಕೊಂಡೆ.

"ನೀವು ಹೇಳಿದ್ದೇ ಸರಿ ಮಾವ. ಬಹಳ ಸದ್ದು ಮಾಡುತ್ತೆ. ನಮಗೆ ಬೇಡ ಅದು."

ಮಾವ ಗಾಡಿ ಸ್ಟಾರ್ಟ್ ಮಾಡಿ, ಗೇರು ಹಾಕಲು ಹೋಗಿ ತಪ್ಪು ಗೇರು ಹಾಕಿದರು. ಸ್ವಲ್ಪ ದೂರ ಹೋದ ಮೇಲೆ ಹೇಳಿದರು. "ನಿಮ್ಮಪ್ಪನ ಕೂಡೆ ನಾನ್ ಮಾತಾಡ್ತೀನಿ. ರೂಮೂ ಬ್ಯಾಡ, ಏನೂ ಬ್ಯಾಡ. ದಿನಾ ಬೆಳಗ್ಗೆ ನಾನೇ ಊರಿಗ್ ಬಂದು ಟೆಂಪೋದಲ್ಲಿ ಕರ್ಕಂಡ್ ಬತ್ತೀನಿ, ಸಂಜೆ ಬುಡ್ತೀನಿ. ಸೀಟ್ ಮಾತ್ರ ಬುಡಬ್ಯಾಡ ಕಣವ್ವ." ನುಗ್ಗೇಹಳ್ಳಿಯಿಂದ ನಮ್ಮೂರಿಗೆ, ನಮ್ಮೂರಿಂದ ಹಾಸನಕ್ಕೆ, ಮತ್ತೆ ಅಷ್ಟೂ ವಾಪಸು! ಜಿಲ್ಲೆಯನ್ನೇ ದಿನಾ ಪ್ರದಕ್ಷಿಣೆ ಹಾಕಿದರೆ ತೆಂಗಿನಕಾಯಿ ಸಾಗಿಸುವವರು ಯಾರು? ನಗಬೇಕೆಂದುಕೊಂಡೆ, ಆಗಲಿಲ್ಲ.

ಅಷ್ಟರಲ್ಲಿ ಒಂದು ಹಿಟ್ಟಿನ ಗಿರಣಿ ಕಂಡಿತು. ಅದರ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ, ಮೇಲೆ ರೂಮು ಬಾಡಿಗೆಗೆ ಇದೆ ಎಂದು ಬರೆದಿತ್ತು. ಗಾಡಿ ನಿಲ್ಲಿಸಿ ಎಂದೆ. ಮಾವ ಇಳಿಯಲು ಹೊರಟರು. ನಾನು ಬೇಡವೆಂದೆ.

"ನೀವು ಎಲೆಅಡಿಕೆ ತಗೊಂಡು ಬನ್ನಿ ಮಾವ. ನಾನು ಮಾತಾಡಿರ್ತೀನಿ."

ಗಿರಣಿ ನಡೆಸುತ್ತಿದ್ದದ್ದು ಹೊಳೆನರಸೀಪುರದ ಕಡೆಯ ಒಬ್ಬ ಹೆಂಗಸು. ತಲೆ, ಹುಬ್ಬು, ರೆಪ್ಪೆ ಎಲ್ಲ ಹಿಟ್ಟು. ಮಿಷನ್ನು ಓಡುತ್ತಿದ್ದುದರಿಂದ ಪಿಸುಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ. ನಾನು ಕೂಗಿಯೇ ಹೇಳಿದೆ, ನಾನು ಎಂ.ಎಸ್ಸಿ. ಓದಲು ಬಂದವಳು, ರೂಮು ಬೇಕು, ನಾವು ಎಸ್‌ಸಿ, ಬೌದ್ಧರು, ಕೊಡುವುದಿಲ್ಲವಾದರೆ ಈಗಲೇ ಹೇಳಿಬಿಡಿ, ನಮ್ಮ ಮಾವ ಬಂದ ಮೇಲೆ ಬೇಡ. ರಾಗಿ ಬೀಸಿಸಲು ಬಂದವರೆಲ್ಲ ತಿರುಗಿ ನೋಡಿದರು.

ಆಕೆ ಡಬ್ಬಕ್ಕೆ ಹಿಟ್ಟು ಬೀಳುವುದನ್ನೇ ನೋಡುತ್ತಾ ಕೂಗಿದರು. "ನೀವ್ ಯಾರಾದ್ರೆ ನಂಗೇನವ್ವ? ಬೆಳಗ್ಗಿಂದ ಸಂಜೆಗಂಟ ಇಂಗೇ ಸದ್ದು. ಬಟ್ಟೆ ಮ್ಯಾಲೆ ಒಣಗಾಕಂಗಿಲ್ಲ, ಹಿಟ್ ಕೂತ್ಕತದೆ. ಹಿಂದಿದ್ದ ಉಡ್ಗಿ ತಲೆನೋವು ಅಂತ ಬುಟ್ಟೋದ್ಲು. ಅದಕ್ಕೊಪ್ಪದಾದ್ರೆ ಬಾ. ಆಮೇಲೆ ನನ್ನ ದೂರಂಗಿಲ್ಲ."

ಮಾವ ಎಲೆಅಡಿಕೆಯೊಂದಿಗೆ ಬಂದಾಗ ನಾನು ಮೇಲಿನ ರೂಮಿನಲ್ಲಿದ್ದೆ. ಒಂದೇ ಕಿಟಕಿ. ನೆಲ ಸಣ್ಣಗೆ ನಡುಗುತ್ತಿತ್ತು, ಬಾಗಿಲ ಚಿಲಕ ತನ್ನಷ್ಟಕ್ಕೆ ತಾನು ಕುಣಿಯುತ್ತಿತ್ತು. ಮಾವ ಹೊಸಿಲಲ್ಲೇ ನಿಂತರು. ಒಳಗೆ ಬರಲು ಅನುಮಾನ. ನಾನು ಅವರ ಕಿವಿಯ ಹತ್ತಿರ ಹೋಗಿ ಹೇಳಿದೆ.

"ಎಲ್ಲ ಹೇಳಿದೀನಿ ಮಾವ. ನಾವು ಯಾರು ಅಂತಾನೂ ಹೇಳಿದೀನಿ. ಬನ್ನಿ ಅಂದ್ರು."

ಮಾವ ನನ್ನನ್ನು ನೋಡಿದರು. ಆಮೇಲೆ ಹೆಗಲ ಟವೆಲ್ಲನ್ನು ನೆಲಕ್ಕೆ ಹಾಸಿ, ತೋಳನ್ನೇ ದಿಂಬು ಮಾಡಿಕೊಂಡು ಮಲಗಿದರು. ಅಂಥ ಸದ್ದಿನಲ್ಲೂ ಅವರ ಗೊರಕೆ ನನಗೆ ಕೇಳಿಸಿತು. ಅಷ್ಟು ದಿನ ಸುತ್ತಿದ ದಣಿವೆಲ್ಲ ಒಟ್ಟಿಗೆ ಬಂದವರ ಹಾಗೆ, ಬಾಯಿ ಸ್ವಲ್ಪ ತೆರೆದು ಮಲಗಿದ್ದರು. ನಾನು ಗೋಡೆಗೊರಗಿ ಕೂತು ಅಪ್ಪನಿಗೆ ಫೋನು ಮಾಡಿ, ರೂಮು ಸಿಕ್ಕಿತು ಎಂದೆ. ಅಪ್ಪ, ಸದ್ದೇನದು, ಎಲ್ಲಿದ್ದೀಯ, ಎಂದು ಕೇಳಿದರು. ಮಾವ ಮಲಗಿದ್ದಾರೆ ಎಂದೆ.

ಮಾವ ಎದ್ದಾಗ ಬಿಸಿಲು ಇಳಿದಿತ್ತು. ಕೆಳಗೆ ಇನ್ನೂ ರಾಗಿ ಬೀಸುತ್ತಿದ್ದರು, ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು. ಅವರು ಎದ್ದು ಕೂತು, ಕಣ್ಣುಜ್ಜಿಕೊಂಡು, ಗೋಡೆ ನೋಡಿದರು, ಸೂರು ನೋಡಿದರು, ನನ್ನನ್ನು ನೋಡಿದರು.

"ಬಾಳ ನಿಶ್ಶಬ್ದ ಕಣವ್ವ ಈ ಮನೆ" ಎಂದರು.

ಕೂತಲ್ಲಿಂದ ಹೇಳಿದರೆ ಆ ಸದ್ದಿನಲ್ಲಿ ಅವರಿಗೆ ಕೇಳಿಸುವಂತಿರಲಿಲ್ಲ. ಪಕ್ಕಕ್ಕೆ ಹೋಗಿ ಕೂತು, ಹೌದು ಮಾವ, ಎಂದೆ.